ಲೆಕ್ಕದಲ್ಲಷ್ಟೇ ಇದ್ದ ವರಹ, ಫೋನಿನಲ್ಲಷ್ಟೇ ಇರುವ ಬಿಟ್‌ಕಾಯಿನ್

ವಿದುರಾಶ್ವತ್ಥದ ದೇವಸ್ಥಾನದ ಹತ್ತಿರ ಟೀ ಕುಡಿಯುತ್ತಾ ಕೂತಿದ್ದೆವು. ನಮ್ಮ ಸಂಬಂಧದ ಹುಡುಗನೊಬ್ಬ ಫೋನು ತೆಗೆದು ತೋರಿಸಿದ. ಶಿಡ್ಲಘಟ್ಟದಲ್ಲಿ ಗೂಡು ಮಾರಿ ಬಂದ ದುಡ್ಡಿನಲ್ಲಿ ಒಂದು ಪಾಲನ್ನು ಬಿಟ್‌ಕಾಯಿನ್‌ಗೆ ಹಾಕಿದ್ದಾನೆ.

ಅವನ ತಾತ ಕೇಳಿದರು: "ಕೈಯಲ್ಲಿ ಹಿಡಿಯೋಕಾಗಲ್ಲ. ಅದೆಂಥಾ ದುಡ್ಡಪ್ಪಾ?"

"ನೋಟೂ ಬರೀ ಕಾಗದಾನೇ ಅಲ್ವಾ ತಾತ? ಜನ ನಂಬಿದ್ರೆ ಅದಕ್ಕೆ ಬೆಲೆ," ಅಂದ ಹುಡುಗ.

ಇಬ್ಬರ ಮಾತಿನಲ್ಲೂ ಅರ್ಧರ್ಧ ಸತ್ಯ ಇದೆ. ನಮ್ಮ ನಾಡಿನ ಹಳೇ ಲೆಕ್ಕ ತೆಗೆದು ನೋಡೋಣ.

ಮೈಸೂರನ್ನು 1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರು ಚಿಕ್ಕ ಚಿನ್ನದ ನಾಣ್ಯ ಹೊರಡಿಸಿದರು. ಅದೇ ಕಂಠೀರಾಯಿ ಹಣ. ಹತ್ತು ಹಣಕ್ಕೆ ಒಂದು ವರಹ. ಆದರೆ ಆ ಕಂಠೀರಾಯಿ ವರಹವನ್ನು ನಾಣ್ಯವಾಗಿ ಟಂಕಿಸಲೇ ಇಲ್ಲ! ಅದು ಇದ್ದದ್ದು ಲೆಕ್ಕದಲ್ಲಿ ಮಾತ್ರ. ಆದರೂ ಒಡೆಯರು ಹೋದ ಬಹುಕಾಲದ ನಂತರವೂ ಸಂಸ್ಥಾನದ ಲೆಕ್ಕ ಅದರಲ್ಲೇ ನಡೆಯಿತು.

ಅಂದರೆ ಕೈಗೆ ಸಿಗದ್ದು ದುಡ್ಡಲ್ಲ ಎಂಬ ತಾತನ ಮಾತು ಪೂರ್ತಿ ಸರಿಯಲ್ಲ. ಆದರೆ ಆ ವರಹ ನಿಂತಿದ್ದು ಎರಡು ಕಂಬಗಳ ಮೇಲೆ. ಒಂದು, ವರಹ ಅಂದರೆ ಹತ್ತು ಚಿನ್ನದ ಹಣ ಎಂಬುದು ಎಲ್ಲರಿಗೂ ಗೊತ್ತಿತ್ತು. ಇನ್ನೊಂದು, ಸರ್ಕಾರವೇ ಅದರಲ್ಲಿ ಲೆಕ್ಕ ಇಡುತ್ತಿತ್ತು.

ಒಂದು ಕಂಬ ಬಿದ್ದರೆ? ಟಿಪ್ಪು ಸುಲ್ತಾನ್ ನಾಣ್ಯಗಳಿಗೆ ಹೊಸ ಹೆಸರಿಟ್ಟಿದ್ದ. 1799ರಲ್ಲಿ ಅವನ ರಾಜ್ಯ ಹೋಯಿತು. 1843ರಲ್ಲಿ ಬೆಂಗಳೂರಿನ ಟಂಕಸಾಲೆಯೂ ಮುಚ್ಚಿತು, ಕಂಪನಿ ರೂಪಾಯಿ ಬಂತು. ಹಳೇ ನಾಣ್ಯ ಚಲಾವಣೆಯಿಂದ ಹೋದರೂ ಕರಗಿಸಿದರೆ ಚಿನ್ನ ಚಿನ್ನವೇ. ಕಾಗದಕ್ಕೆ ಆ ಭಾಗ್ಯವಿಲ್ಲ. 2016ರ ನವೆಂಬರ್ 8ರ ರಾತ್ರಿ 500, 1000ದ ನೋಟಿಗೆ ಏನಾಯಿತು ಎಂದು ನಿಮಗೇ ಗೊತ್ತು. ಸರ್ಕಾರ ಕೈಬಿಟ್ಟರೆ ನೋಟು ಬರೀ ಕಾಗದ. ಹುಡುಗ ಹೇಳಿದ್ದು ಅಷ್ಟರಮಟ್ಟಿಗೆ ನಿಜ.

ಈಗ ಬಿಟ್‌ಕಾಯಿನ್‌ಗೆ ಬನ್ನಿ. ಸತೋಶಿ ನಕಮೊಟೊ ಎಂಬ ಹೆಸರಿನಲ್ಲಿ 2008ರಲ್ಲಿ ಅದರ ಯೋಜನೆ ಪ್ರಕಟವಾಯಿತು, 2009ರಲ್ಲಿ ಶುರುವಾಯಿತು. ಆ ಹೆಸರಿನ ಹಿಂದೆ ಯಾರಿದ್ದಾರೋ ಇವತ್ತಿಗೂ ಸಾಬೀತಾಗಿಲ್ಲ. ಅದರ ಲೆಕ್ಕದ ಪುಸ್ತಕ ಒಬ್ಬ ಶಾನುಭೋಗರ ಹತ್ತಿರ ಇಲ್ಲ, ಪ್ರಪಂಚದ ಸಾವಿರಾರು ಕಂಪ್ಯೂಟರ್‌ಗಳಲ್ಲಿ ಇದೆ. ಒಬ್ಬರು ಕದ್ದುಮುಚ್ಚಿ ತಿದ್ದಲು ಆಗದು. 2 ಕೋಟಿ 10 ಲಕ್ಷಕ್ಕಿಂತ ಹೆಚ್ಚು ನಾಣ್ಯ ಹುಟ್ಟದಂತೆ ನಿಯಮ ಇದೆ. ಇದು ನಿಜವಾದ ಬಲ, ಅಲ್ಲಗಳೆಯಬಾರದು.

ಆದರೆ ಒಳಗೆ ಚಿನ್ನವಿಲ್ಲ, ಹಿಂದೆ ಸರ್ಕಾರವಿಲ್ಲ. 2018ರಲ್ಲಿ ರಿಸರ್ವ್ ಬ್ಯಾಂಕ್ ಈ ವ್ಯವಹಾರಕ್ಕೆ ಸೇವೆ ಕೊಡಬೇಡಿ ಎಂದು ಬ್ಯಾಂಕುಗಳಿಗೆ ಹೇಳಿತು. 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. 2022ರ ಏಪ್ರಿಲ್‌ನಿಂದ ಲಾಭಕ್ಕೆ ಶೇ. 30 ತೆರಿಗೆ. ತೆರಿಗೆ ಹಾಕಿದ ಮಾತ್ರಕ್ಕೆ ಅದು ದುಡ್ಡಾಗುವುದಿಲ್ಲ. ಅದರ ಮೇಲಿನ ತೆರಿಗೆಯನ್ನೂ ನೀವು ರೂಪಾಯಿಯಲ್ಲೇ ಕಟ್ಟಬೇಕು.

ಉಳಿದಿರುವ ಕಂಬ ಒಂದೇ: ನಂಬಿಕೆ. 2010ರಲ್ಲಿ ಅಮೆರಿಕದಲ್ಲಿ ಒಬ್ಬರು ಎರಡು ಪಿಜ್ಜಾಗೆ 10,000 ಬಿಟ್‌ಕಾಯಿನ್ ಕೊಟ್ಟರು. 2021ರ ನವೆಂಬರ್‌ನಲ್ಲಿ ಒಂದಕ್ಕೇ ಸುಮಾರು 69,000 ಡಾಲರ್. ಒಂದು ವರ್ಷದಲ್ಲಿ ಅದು ಸುಮಾರು 16,000ಕ್ಕೆ ಬಿತ್ತು, ಆಮೇಲೆ ಮತ್ತೆ ಏರಿತು. ಹೀಗೆ ಕುಣಿಯುವ ತಕ್ಕಡಿಯಲ್ಲಿ ಗೂಡು ತೂಗಲು ಯಾರು ಒಪ್ಪುತ್ತಾರೆ?

ನಂಬಿಕೆಗೆ ಬೆಲೆ ಇಲ್ಲ ಎಂದು ವಿದುರಾಶ್ವತ್ಥದಲ್ಲಿ ಕೂತು ಹೇಳಲಾಗದು. 1938ರ ಏಪ್ರಿಲ್ 25ರಂದು ಇಲ್ಲೇ, ಒಂದು ಬಾವುಟಕ್ಕಾಗಿ ಸೇರಿದ್ದ ಜನರ ಮೇಲೆ ಗುಂಡು ಹಾರಿತು. 30ಕ್ಕೂ ಹೆಚ್ಚು ಮಂದಿ ಪ್ರಾಣ ಕೊಟ್ಟರೆಂದು ಊರು ನೆನೆಯುತ್ತದೆ. ನೋಡಿದರೆ ಅದೂ ಬರೀ ಬಟ್ಟೆ. ಕೊನೆಗೆ ಮೈಸೂರು ಸರ್ಕಾರವೇ ತನ್ನ ಬಾವುಟದ ಜೊತೆ ಕಾಂಗ್ರೆಸ್ ಬಾವುಟ ಹಾರಿಸಲು ಒಪ್ಪಬೇಕಾಯಿತು. ಆದರೆ ನಾಳೆ ಹೆಚ್ಚು ಬೆಲೆಗೆ ಬೇರೆಯವರಿಗೆ ಮಾರೋಣ ಎಂದು ಯಾರೂ ಆ ಬಾವುಟ ಹಿಡಿದಿರಲಿಲ್ಲ. ನಮ್ಮ ಕಡೆ ಬಿಟ್‌ಕಾಯಿನ್ ಕೊಂಡವರಲ್ಲಿ ನಾನು ಕಂಡವರೆಲ್ಲ ಕೊಂಡಿದ್ದು ಮಾರುವುದಕ್ಕೇ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಆ ಲೆಕ್ಕದ ಪುಸ್ತಕ ಜಾಣತನದ್ದು, ಉಳಿದರೂ ಉಳಿದೀತು. ಇವತ್ತಿನ ಬೆಲೆ ಉಳಿಯುತ್ತದೆ ಎನ್ನಲು ಆಧಾರವಿಲ್ಲ. ಹೋದರೆ ಹೋಗಲಿ ಎನ್ನುವಷ್ಟು ದುಡ್ಡಿದ್ದರೆ ಹಾಕಿ. ಮುಂದಿನ ಬೆಳೆಯ ದುಡ್ಡು, ಸಂಘದ ಸಾಲದ ದುಡ್ಡು ಬೇಡ. ಎರಡು ತಿಂಗಳಲ್ಲಿ ಡಬಲ್ ಮಾಡಿಕೊಡ್ತೀವಿ ಎಂದು ವಾಟ್ಸಾಪ್‌ನಲ್ಲಿ ಬರುವವರ ಹತ್ತಿರವಂತೂ ಸುಳಿಯಬೇಡಿ.

ಏಳುವ ಮುಂಚೆ ತಾತ ಇನ್ನೊಂದು ಪ್ರಶ್ನೆ ಕೇಳಿದರು: "ಸೊಪ್ಪಿನ ತೋಟಕ್ಕೆ ಗೊಬ್ಬರ ತರಬೇಕಲ್ಲ, ಅಂಗಡಿಯವರು ಇದನ್ನ ತಗೋತಾರಾ?"

"ಇಲ್ಲ ತಾತ. ಮೊದಲು ಮಾರಿ ರೂಪಾಯಿ ಮಾಡ್ಕೋಬೇಕು."

ಟೀ ದುಡ್ಡನ್ನು ತಾತನೇ ಕೊಟ್ಟರು.