ಯೆನ್ಸೆನ್: ಹರಿಯುತ್ತಿದ್ದ ಹೆಸರು ಹೆಪ್ಪುಗಟ್ಟಿದ ಬಗೆ

ಡೆನ್ಮಾರ್ಕಿನ ಉತ್ತರ ಜಟ್ಲೆಂಡಿನಲ್ಲಿ ಹಿಮ್ಮರ್‌ಲ್ಯಾಂಡ್ ಎಂಬ ಸೀಮೆಯಿದೆ. 19ನೇ ಶತಮಾನದ ಕೊನೆಯ ದಶಕಗಳಲ್ಲಿ ಅಲ್ಲಿನ ಫಾರ್ಸೊ ಹಳ್ಳಿಯಲ್ಲಿ ಹಾನ್ಸ್ ಯೆನ್ಸೆನ್ ಎಂಬ ಪಶುವೈದ್ಯರಿದ್ದರು. ಅವರ ಮಗ ಯೊಹಾನೆಸ್ ವಿ. ಯೆನ್ಸೆನ್ (1873–1950), 1944ರ ಸಾಹಿತ್ಯ ನೊಬೆಲ್ ಪಡೆದ ಲೇಖಕ. ಮಗಳು ಟಿಟ್ ಯೆನ್ಸೆನ್ (1876–1957) ಕಾದಂಬರಿಗಾರ್ತಿ, ಮಹಿಳೆಯರ ಹಕ್ಕುಗಳಿಗಾಗಿ ಊರೂರು ತಿರುಗಿ ಭಾಷಣ ಮಾಡಿದವರು. ಈ ಮೂರು ಹೆಸರುಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಡೇನಿಷ್ ಮನೆಹೆಸರಿನ ಚರಿತ್ರೆಯೆಲ್ಲ ಒಂದೇ ಮನೆಯಲ್ಲಿ ಕಾಣುತ್ತದೆ. ಹಾನ್ಸ್, ಯೊಹಾನೆಸ್, ಯೆನ್ಸ್ ಮೂರೂ ಒಂದೇ ಹೆಸರಿನ ರೂಪಗಳು. ಯೆನ್ಸೆನ್ ಎಂದರೆ ‘ಯೆನ್ಸನ ಮಗ’. ಆದರೆ ಈ ಮಕ್ಕಳ ತಂದೆ ಯೆನ್ಸ್ ಅಲ್ಲ, ಹಾನ್ಸ್. ಟಿಟ್ ಅಂತೂ ಯಾರ ಮಗನೂ ಅಲ್ಲ, ಮಗಳು. ಹೆಸರಿನ ಅರ್ಥಕ್ಕೂ ಅದನ್ನು ಹೊತ್ತವರಿಗೂ ನಡುವೆ ಈ ಬಿರುಕು ಎಲ್ಲಿ ಬಿತ್ತು ಎಂಬುದೇ ಈ ಲೇಖನದ ವಿಷಯ.

ಮೊದಲು ಉಚ್ಚಾರಣೆ. ಅಮೆರಿಕದ ಬಾಯಿಯಿಂದ ನಮಗೆ ತಲುಪಿರುವುದು ‘ಜೆನ್ಸನ್’. ಡೇನಿಷ್ ಭಾಷೆಯಲ್ಲಿ ಆ ಮೊದಲ ಅಕ್ಷರ ಯಕಾರವೇ. ಯಾತ್ರೆಯನ್ನು ಜಾತ್ರೆಯಾಗಿಯೂ ಯೋಗಿಯನ್ನು ಜೋಗಿಯಾಗಿಯೂ ಬಳಸುವ ಕನ್ನಡಿಗರಿಗೆ ಈ ಯ-ಜ ಪಲ್ಲಟ ಹೊಸದಲ್ಲ. ಮೂಲ ಶಬ್ದ ಹೀಬ್ರೂವಿನ ಯೋಹಾನಾನ್, ‘ಯೆಹೋವನು ಕೃಪೆ ತೋರಿದ್ದಾನೆ’ ಎಂದು ಅರ್ಥ. ಕನ್ನಡ ಬೈಬಲಿನ ಯೋಹಾನ ಇದೇ. ಗ್ರೀಕಿನಲ್ಲಿ ಇಯೊವಾನ್ನೆಸ್, ಲ್ಯಾಟಿನ್ನಿನಲ್ಲಿ ಯೊಹಾನೆಸ್ ಆಗಿ, ಕ್ರೈಸ್ತಮತದ ಬೆನ್ನಿಗೇ ಅದು ಡೆನ್ಮಾರ್ಕಿಗೆ ಬಂತು. ರೈತರ ನಾಲಿಗೆಯಲ್ಲಿ ಸವೆದು ಎರಡು ದಾರಿ ಹಿಡಿಯಿತು: ಶಬ್ದದ ಹಿಂಭಾಗ ಉಳಿದಲ್ಲಿ ಹಾನ್ಸ್, ಮುಂಭಾಗ ಉಳಿದು ನಡು ಅಡಗಿದಲ್ಲಿ ಯೆನ್ಸ್. ಜೂನ್ 23ರ ಸಂಜೆ ಡೇನರು ದೊಡ್ಡ ಬೆಂಕಿ ಹಾಕಿ ಆಚರಿಸುವ ‘ಸಾಂಕ್ಟ್ ಹಾನ್ಸ್’ ಹಬ್ಬದ ಹಾನ್ಸ್ ಕೂಡ ಸ್ನಾನಿಕ ಯೋಹಾನನೇ. ಯೆನ್ಸೆನ್ ಮತ್ತು ಹಾನ್ಸೆನ್ ಎರಡೂ ಡೆನ್ಮಾರ್ಕಿನ ಮೊದಲ ಮೂರು ಮನೆಹೆಸರುಗಳಲ್ಲಿ ಸೇರಿವೆ. ಹಾಗಾಗಿ ಎರಡೆಂದು ಎಣಿಸಿದರೂ ನಾವು ಎಣಿಸುತ್ತಿರುವುದು ಒಂದನ್ನೇ.

ಉತ್ತರಾರ್ಧದ ‘ಸೆನ್’ ಎಂಬುದು ‘ಸೊನ್’, ಅಂದರೆ ಮಗ ಎಂಬ ಶಬ್ದದ ಸವೆದ ರೂಪ. ಯೆನ್ಸ್ ಎಂಬಲ್ಲಿ ಮೊದಲೇ ಒಂದು ಸಕಾರವಿದೆ, ಷಷ್ಠಿಯ ಸಕಾರ ಅದರೊಳಗೇ ಕರಗುತ್ತದೆ, ಮುಂದಿನ ‘ಸೊನ್’ ಸಕಾರವೂ ಅದರಲ್ಲೇ ಕೂಡುತ್ತದೆ. ಮೂರು ಸಕಾರಗಳು ಒಂದಾಗುವ ಈ ಕೂಡಿಕೆಯನ್ನು ನಮ್ಮ ವೈಯಾಕರಣರು ಕಂಡಿದ್ದರೆ ಖಂಡಿತ ಒಂದು ಸೂತ್ರ ಬರೆಯುತ್ತಿದ್ದರು.

ಹಳೆಯ ಡೇನಿಷ್ ಹಳ್ಳಿಯಲ್ಲಿ ಯೆನ್ಸೆನ್ ಮನೆಹೆಸರಾಗಿರಲಿಲ್ಲ. ಅದು ಒಬ್ಬನ ಗುರುತು, ಒಂದು ತಲೆಮಾರಿಗೆ ಮಾತ್ರ ಸಲ್ಲುವ ಮಾತು. ಯೆನ್ಸನ ಮಗ ನೀಲ್ಸ್, ನೀಲ್ಸ್ ಯೆನ್ಸೆನ್. ಮೊದಲ ಗಂಡುಮಗುವಿಗೆ ತಂದೆಯ ತಂದೆಯ ಹೆಸರಿಡುವುದು ರೂಢಿ. ಹಾಗಾಗಿ ನೀಲ್ಸನ ಹಿರಿಮಗ ಮತ್ತೆ ಯೆನ್ಸ್, ಪೂರ್ತಿ ಹೆಸರು ಯೆನ್ಸ್ ನೀಲ್ಸೆನ್. ಅವನ ಹಿರಿಮಗ ನೀಲ್ಸ್ ಯೆನ್ಸೆನ್. ಅಜ್ಜನ ಹೆಸರು ಮೊಮ್ಮಗನಿಗೆ ಬರುವುದು ನಮ್ಮಲ್ಲೂ ಇರುವ ಪದ್ಧತಿಯೇ. ಒಂದೇ ಒಕ್ಕಲುಮನೆಯಲ್ಲಿ ತಲೆಮಾರು ಬಿಟ್ಟು ತಲೆಮಾರು ಯೆನ್ಸೆನ್–ನೀಲ್ಸೆನ್ ಅದಲುಬದಲಾಗುತ್ತ ನಡೆಯುತ್ತಿತ್ತು. ಹೆಣ್ಣುಮಕ್ಕಳದು ‘ಯೆನ್ಸ್‌ಡಾಟರ್’, ‘ನೀಲ್ಸ್‌ಡಾಟರ್’. 1787 ಮತ್ತು 1801ರ ಜನಗಣತಿಯ ಹಾಳೆಗಳಲ್ಲಿ ಹಳ್ಳಿಯ ಹೆಂಗಸರು ಈ ಹೆಸರುಗಳಿಂದಲೇ ದಾಖಲಾಗಿದ್ದಾರೆ, ಮದುವೆಯಾದ ಮೇಲೂ.

ಈ ಓಟವನ್ನು ತಡೆದದ್ದು ರಾಜಾಜ್ಞೆ. ಶ್ರೀಮಂತ ಕುಲಗಳಿಗೆ ಅದು ಬೇಗ ತಟ್ಟಿತು: 1526ರಲ್ಲಿ ಒಂದನೆಯ ಫ್ರೆಡರಿಕ್ ಅವರಿಗೆ ಸ್ಥಿರ ಕುಲನಾಮ ಇಟ್ಟುಕೊಳ್ಳಲು ಹೇಳಿದ. ಅವರು ತಮ್ಮ ಲಾಂಛನಗಳ ಕಡೆ ನೋಡಿದರು. ಹ್ಯಾಮ್ಲೆಟ್ ನಾಟಕದಿಂದ ನಮಗೆ ಪರಿಚಿತರಾದ ರೋಸೆನ್‌ಕ್ರಾಂಟ್ಸ್ ಮತ್ತು ಗಿಲ್ಡೆನ್‌ಸ್ಟರ್ನ್ ನಿಜವಾದ ಡೇನಿಷ್ ಮನೆತನಗಳ ಹೆಸರುಗಳು: ಗುಲಾಬಿಮಾಲೆ ಮತ್ತು ಹೊನ್ನತಾರೆ. ರೈತನಿಗೆ ಲಾಂಛನವಿಲ್ಲ, ಅಪ್ಪನಿದ್ದ. ಶ್ಲೆಸ್ವಿಗ್ ಪ್ರಾಂತ್ಯದಲ್ಲಿ 1771ರಲ್ಲಿ ಸ್ಥಿರನಾಮದ ಆಜ್ಞೆ ಹೊರಟಿತು. ಉಳಿದ ಡೆನ್ಮಾರ್ಕಿಗೆ 1828ರ ದೀಕ್ಷಾಸ್ನಾನದ ಆಜ್ಞೆ ಬಂತು: ಮಗುವಿಗೆ ಹೆಸರಿಡುವಾಗಲೇ ಮನೆಹೆಸರೂ ನಮೂದಾಗಬೇಕು.

ಆಜ್ಞೆಯನ್ನು ಜಾರಿಗೆ ತರಬೇಕಾದವನು ಹಳ್ಳಿಯ ಪಾದ್ರಿ. 1814ರ ಹೊತ್ತಿಗೆ ಇಗರ್ಜಿಯ ದಫ್ತರಗಳು ಅಚ್ಚಾದ ಅಂಕಣಗಳಲ್ಲಿ, ಎರಡು ಪ್ರತಿಗಳಲ್ಲಿ ಬರುತ್ತಿದ್ದವು. ಬೆಂಕಿಗೆ ಹೆದರಿ ಎರಡನ್ನೂ ಒಂದೇ ಸೂರಿನಡಿ ಇಡಬಾರದೆಂಬ ಕಟ್ಟಳೆಯಿತ್ತು. ಆ ಅಂಕಣದಲ್ಲಿ ನೀಲ್ಸ್ ಯೆನ್ಸೆನ್ನನ ಮಗುವಿಗೆ ಏನು ಬರೆಯಬೇಕು? ಒಬ್ಬ ಪಾದ್ರಿ ತಂದೆಯ ಗುರುತನ್ನೇ ಇಳಿಸಿ ಯೆನ್ಸೆನ್ ಎಂದ. ಇನ್ನೊಬ್ಬ ಹಳೆಯ ಪದ್ಧತಿ ಬಿಡದೆ ನೀಲ್ಸೆನ್ ಎಂದ. 1856ರ ಹೊಸ ಶಾಸನ ಬಂದ ಮೇಲೆ ಕ್ರಮೇಣ ಹೆಸರು ನಿಂತಿತು. ಹೀಗೆ ಒಂದು ವಂಶ ಯೆನ್ಸೆನ್ ಆಗುವುದೋ ನೀಲ್ಸೆನ್ ಆಗುವುದೋ ಎಂಬುದನ್ನು ನಿರ್ಧರಿಸಿದ್ದು ರಕ್ತಸಂಬಂಧವಲ್ಲ. ಆಜ್ಞೆ ಬಂದಾಗ ಆ ಮನೆಯಲ್ಲಿ ಯಾವ ತಲೆಮಾರು ನಡೆಯುತ್ತಿತ್ತು, ಲೇಖನಿ ಯಾರ ಕೈಯಲ್ಲಿತ್ತು ಎಂಬುದು ನಿರ್ಧರಿಸಿತು.

ಆದ್ದರಿಂದ ಯೆನ್ಸೆನ್ನರ ಸಂಖ್ಯೆಯನ್ನು ಒಂದು ಮಹಾಕುಲದ ಬೆಳವಣಿಗೆ ಎಂದು ಓದುವುದು ತಪ್ಪು. ಅವರಿಗೆ ಮೂಲಪುರುಷನಿಲ್ಲ, ಸಾವಿರಾರು ಬೇರೆಬೇರೆ ಯೆನ್ಸರಿದ್ದಾರೆ. ಇಂದಿನ ಡೇನಿಷ್ ಮನೆಹೆಸರುಗಳ ಪಟ್ಟಿಯ ಮೊದಲ ಹತ್ತೂ ‘ಸೆನ್’ ಅಂತ್ಯದವು: ನೀಲ್ಸೆನ್, ಯೆನ್ಸೆನ್, ಹಾನ್ಸೆನ್, ಆಂಡರ್ಸೆನ್, ಪೇಡರ್ಸೆನ್, ಕ್ರಿಸ್ಟೆನ್ಸೆನ್, ಲಾರ್ಸೆನ್, ಸೋರೆನ್ಸೆನ್, ರಾಸ್ಮುಸ್ಸೆನ್, ಯೋರ್ಗೆನ್ಸೆನ್. ಇದು ಮೂಲತಃ ಸುಮಾರು ಇನ್ನೂರು ವರ್ಷಗಳ ಹಿಂದೆ ಡೇನಿಷ್ ರೈತರು ಗಂಡುಮಕ್ಕಳಿಗೆ ಇಡುತ್ತಿದ್ದ ಹೆಸರುಗಳ ಪಟ್ಟಿ. ಯೆನ್ಸೆನ್ ಜಟ್ಲೆಂಡಿನಲ್ಲಿ ದಟ್ಟ. ಫ್ಯೂನ್ ದ್ವೀಪದಲ್ಲಿ ಹಾನ್ಸೆನ್, ರಾಸ್ಮುಸ್ಸೆನ್ ಹೆಚ್ಚು. ಹಳೆಯ ಸೀಮೆಗಳ ಹೆಸರಿಡುವ ಅಭಿರುಚಿ ಇಂದಿಗೂ ನಕ್ಷೆಯ ಮೇಲೆ ಕಾಣುವಂತೆ ಉಳಿದಿದೆ.

ಉಳಿಯದೇ ಹೋದದ್ದು ‘ಡಾಟರ್’. ಮನೆಹೆಸರು ಒಂದೇ ಇರಬೇಕೆಂದಾಗ ಗಂಡಿನ ರೂಪವೇ ಮನೆಯದಾಯಿತು. ಕೆಲವು ದಶಕಗಳಲ್ಲಿ ಯೆನ್ಸ್‌ಡಾಟರ್‌ಗಳು ದಫ್ತರಗಳಿಂದ ಮಾಯವಾದರು, ಅವರ ಮೊಮ್ಮಕ್ಕಳು ಹುಟ್ಟುತ್ತಲೇ ‘ಯೆನ್ಸನ ಮಗ’ ಆದರು. ಈ ಚರಿತ್ರೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಇದೇ. ಹೆಣ್ಣನ್ನು ಹೆಣ್ಣೆಂದೇ ಗುರುತಿಸುತ್ತಿದ್ದ ಒಂದು ವ್ಯಾಕರಣ, ಯಾರೂ ಅದರ ವಿರುದ್ಧ ತೀರ್ಪು ಕೊಡದೆಯೇ, ಅಂಕಣ ತುಂಬುವ ಕೆಲಸದಲ್ಲಿ ಕಳೆದುಹೋಯಿತು.

ನಮ್ಮ ಕಣ್ಣೆದುರೇ ಇಂಥದ್ದು ನಡೆಯುತ್ತಿದೆ. ಊರು ಮತ್ತು ತಂದೆಯ ಹೆಸರನ್ನು ಇನಿಷಿಯಲ್ಲಾಗಿ ಮುಂದಿಟ್ಟುಕೊಳ್ಳುವ ಕನ್ನಡಿಗ ಪಾಸ್‌ಪೋರ್ಟಿನ ‘ಸರ್‌ನೇಮ್’ ಅಂಕಣಕ್ಕೆ ಬಂದಾಗ ಅಪ್ಪನ ಹೆಸರನ್ನೇ ತುಂಬುತ್ತಾನೆ. ಪರದೇಶದಲ್ಲಿ ಹುಟ್ಟಿದ ಮಗುವಿಗೆ ಅದೇ ಇಳಿದು, ಅಜ್ಜ ರಾಮಪ್ಪ ಮನೆಹೆಸರಾಗಿಬಿಡುತ್ತಾರೆ. 1828ರ ಪಾದ್ರಿಯ ಮುಂದಿದ್ದ ಖಾಲಿ ಜಾಗವೇ ಇದು.

ಡೆನ್ಮಾರ್ಕಿನಲ್ಲಿ ಸ್ಥಿರವಾದ ಹೆಸರು ಬೇಗನೆ ಹೊರೆಯೂ ಆಯಿತು. ಮನೆಹೆಸರು ಇರುವುದು ಗುರುತಿಗೆ. ಊರೆಲ್ಲ ಯೆನ್ಸೆನ್ ಆದರೆ ಗುರುತೆಲ್ಲಿ? ಯೊಹಾನೆಸ್ ಯೆನ್ಸೆನ್ ಎಂಬ ಹೆಸರಿನ ನಡುವಿನ ‘ವಿ.’, ಅಂದರೆ ವಿಲ್‌ಹೆಲ್ಮ್, ಅಷ್ಟು ಮುಖ್ಯವಾದದ್ದು ಇದರಿಂದಲೇ. 1904ರ ಕಾಯಿದೆ ‘ಸೆನ್’ ಹೆಸರು ಬಿಟ್ಟು ಬೇರೆ ಹೆಸರು ತೆಗೆದುಕೊಳ್ಳುವುದನ್ನು ಸುಲಭಗೊಳಿಸಿತು. ಹಲವರು ಹೊಲಮನೆಯ, ಹಳ್ಳಿಯ ಹೆಸರುಗಳಿಗೆ ಹೋದರು. ಇನ್ನು ಕೆಲವರು ತಾಯಿಯ ಕಡೆಯ ಹೆಸರನ್ನು ನಡುವೆ ಸೇರಿಸಿಕೊಂಡರು. ಬಹುಕಾಲ ಮೊದಲ ಸ್ಥಾನದಲ್ಲಿದ್ದ ಯೆನ್ಸೆನ್ ಈಗ ನೀಲ್ಸೆನ್ನಿಗೆ ಆ ಜಾಗ ಬಿಟ್ಟಿದೆ. ಸುಮಾರು 60 ಲಕ್ಷ ಜನರ ದೇಶದಲ್ಲಿ ಎರಡೂ ಹೆಸರಿನವರು ತಲಾ ಎರಡು ಲಕ್ಷಕ್ಕೂ ಹೆಚ್ಚು, ಎರಡೂ ಇಳಿಮುಖವಾಗಿಯೇ ಇವೆ. ಶತಮಾನಗಳ ಕಾಲ ಒಂದೇ ಹೊಸಿಲಲ್ಲಿ ಸರದಿಯಂತೆ ಬಂದುಹೋಗುತ್ತಿದ್ದ ಅಜ್ಜ-ಮೊಮ್ಮಕ್ಕಳ ಜೋಡಿಯೇ ಇವು ಎಂಬುದನ್ನು ನೆನೆದರೆ ಇಲ್ಲಿ ಗೆಲುವು-ಸೋಲಿನ ಮಾತಿಗೆ ಅರ್ಥವಿಲ್ಲ.

2005ರಲ್ಲಿ ಅಂಗೀಕಾರವಾಗಿ 2006ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೆಸರಿನ ಕಾಯಿದೆಯಂತೆ, 2000ಕ್ಕಿಂತ ಹೆಚ್ಚು ಜನ ಹೊತ್ತ ಮನೆಹೆಸರನ್ನು ಯಾರು ಬೇಕಾದರೂ ತಮ್ಮದಾಗಿಸಿಕೊಳ್ಳಬಹುದು. ಯೆನ್ಸೆನ್ ಆಗಲು ಇಂದು ಯೆನ್ಸನ ವಂಶಜರಾಗಿರಬೇಕಿಲ್ಲ. ಅದೇ ಕಾಯಿದೆ ಇನ್ನೊಂದು ಬಾಗಿಲನ್ನೂ ತೆರೆದಿದೆ. ತಂದೆಯ ಇಲ್ಲವೇ ತಾಯಿಯ ಹೆಸರಿಗೆ ‘ಸೊನ್’ ಅಥವಾ ‘ಡಾಟರ್’ ಸೇರಿಸಿ ಮಗುವಿಗೆ ಮನೆಹೆಸರು ಕೊಡಬಹುದು. ಫಾರ್ಸೊವಿನ ಪಶುವೈದ್ಯರ ಮಗಳು ಈಗ ಹುಟ್ಟಿದ್ದರೆ ದಫ್ತರದಲ್ಲಿ ಆಕೆ ಹಾನ್ಸ್‌ಡಾಟರ್ ಆಗಬಹುದಿತ್ತು.