ಎದೆಬಡಿತ ನಿಂತರೆ ಸಿಪಿಆರ್: 108 ಬರೋ ಮುನ್ನ ಏನು ಮಾಡಬೇಕು?

ತುಮಕೂರು: ಗುಬ್ಬಿ, ಕುಣಿಗಲ್ ಬಸ್ ನಿಲ್ದಾಣದಲ್ಲೋ, ತುಮಕೂರಿನ ಅಂಗಡಿ ಮುಂದೆಯೋ ಯಾರಾದರೂ ದಿಢೀರ್ ಕುಸಿದರೆ ಜನ ಮೊದಲು ನೀರು ತರುತ್ತಾರೆ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಲೇಬಾರದು, ಅದು ಶ್ವಾಸನಾಳಕ್ಕೆ ಹೋಗಬಹುದು.

ಹೃದಯಾಘಾತದಲ್ಲಿ ರಕ್ತನಾಳ ಕಟ್ಟಿಕೊಳ್ಳುತ್ತದೆ, ಸಾಮಾನ್ಯವಾಗಿ ಪ್ರಜ್ಞೆ ಇರುತ್ತೆ. ಹೃದಯಸ್ತಂಭನದಲ್ಲಿ ಬಡಿತವೇ ನಿಲ್ಲುತ್ತದೆ. ಸಿಪಿಆರ್ ಇಲ್ಲದೆ ಕಳೆಯುವ ಪ್ರತಿ ನಿಮಿಷಕ್ಕೆ ಬದುಕುವ ಸಾಧ್ಯತೆ ಶೇ 7ರಿಂದ 10ರಷ್ಟು ಇಳಿಯುತ್ತದೆ.

ಮಾಡಬೇಕಾದ್ದು:

1. ಭುಜ ತಟ್ಟಿ ಕೂಗಿ. ಪ್ರತಿಕ್ರಿಯೆ ಇಲ್ಲ, ಉಸಿರಿಲ್ಲ ಅಥವಾ ಆಗೊಮ್ಮೆ ಈಗೊಮ್ಮೆ ಬಿಕ್ಕಿದಂತೆ ಉಸಿರು ಅಂದರೆ ತಡಮಾಡಬೇಡಿ.
2. 108ಕ್ಕೆ ಕರೆ ಮಾಡಿ, ಫೋನ್ ಸ್ಪೀಕರ್‌ಗೆ ಹಾಕಿ.
3. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಎದೆಯ ನಡುವೆ ಅಂಗೈ ಬುಡ ಇಟ್ಟು, ಮೇಲೆ ಇನ್ನೊಂದು ಕೈ ಇಟ್ಟು, ಮೊಣಕೈ ಮಡಿಸದೆ 5–6 ಸೆಂ.ಮೀ. ಆಳಕ್ಕೆ ಒತ್ತಿ. ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಸಲ ಎದೆ ಪೂರ್ತಿ ಮೇಲೇಳಲಿ.
4. ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಿ, ಆಂಬುಲೆನ್ಸ್ ಬರೋವರೆಗೂ ನಿಲ್ಲಿಸಬೇಡಿ.

ತರಬೇತಿ ಇಲ್ಲದಿದ್ದರೆ ಬಾಯಿಗೆ ಬಾಯಿಟ್ಟು ಊದುವುದು ಬೇಡ, ದೊಡ್ಡವರಿಗೆ ಎದೆ ಒತ್ತಿದರೆ ಸಾಕು. ಕರೆಂಟ್ ಹೊಡೆದಿದ್ದರೆ ಮೊದಲು ಮೇನ್ ಸ್ವಿಚ್ ಆಫ್ ಮಾಡಿ. ಪಕ್ಕೆಲುಬು ಮುರಿದೀತು ಅಂತ ಹೆದರಬೇಡಿ, ಮುರಿದ ಮೂಳೆ ಕೂಡುತ್ತೆ.

ಎದೆನೋವಿದ್ದು ಪ್ರಜ್ಞೆ ಇರುವವರಿಗೆ ಸಿಪಿಆರ್ ಮಾಡಬಾರದು. ಅವರನ್ನು ನಡೆಸದೆ ಕೂಡಲೇ ಹತ್ತಿರದ ಆಸ್ಪತ್ರೆಗೆ ಸೇರಿಸಿ. ಪುನೀತ್ ರಾಜಕುಮಾರ್ ಹೆಸರಿನ ಹೃದಯಜ್ಯೋತಿ ಯೋಜನೆ ಇರುವುದು ಇಂಥವರಿಗೇ.