ಗುಂಪು ಸದಸ್ಯತ್ವದ ಮಿತಿ (ಯುನಿಕ್ಸ್ ಜಾಲಗಳಲ್ಲಿ)

ಯುನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಒಬ್ಬ ಬಳಕೆದಾರ ಏಕಕಾಲಕ್ಕೆ ಎಷ್ಟು ಗುಂಪುಗಳ ಸದಸ್ಯನಾಗಿರಬಹುದು ಎಂಬುದರ ಗರಿಷ್ಠ ಮಿತಿ. ಹಲವು ಗುಂಪುಗಳ ಹಕ್ಕನ್ನು ಒಟ್ಟಿಗೇ ಪಡೆಯುವ ಸೌಲಭ್ಯ 1983ರ ಯುನಿಕ್ಸ್ ಆವೃತ್ತಿಯಾದ 4.2 ಬಿಎಸ್‌ಡಿಯಲ್ಲಿ ಬಂತು. ಲಿನಕ್ಸ್‌ನಲ್ಲಿ 32 ಇದ್ದ ಮಿತಿ 2004ರಲ್ಲಿ 65,536ಕ್ಕೆ ಏರಿತು.

ನಿಜವಾದ ತೊಡಕು ಜಾಲದಲ್ಲಿದೆ. ಸರ್ವರಿನ ಕಡತಗಳನ್ನು ಹಲವು ಯಂತ್ರಗಳಿಗೆ ಒದಗಿಸುವ ಎನ್‌ಎಫ್‌ಎಸ್ ಅನ್ನು ಸನ್ ಮೈಕ್ರೋಸಿಸ್ಟಮ್ಸ್ 1984ರಲ್ಲಿ ರೂಪಿಸಿತು. ಪ್ರತಿ ಕೋರಿಕೆಯ ಜೊತೆ ಹೋಗುವ ಅದರ ಸಾಮಾನ್ಯ ಗುರುತಿನ ವಿವರದಲ್ಲಿ (ಆಥ್-ಸಿಸ್) ಮುಖ್ಯ ಗುಂಪಲ್ಲದೆ ಇನ್ನು 16 ಗುಂಪುಸಂಖ್ಯೆಗಳಿಗಷ್ಟೇ ಜಾಗ. ಹೆಚ್ಚಿನವು ಸಾಮಾನ್ಯವಾಗಿ ಸದ್ದಿಲ್ಲದೆ ಉದುರಿಹೋಗುತ್ತವೆ. ಬಳಕೆದಾರನ ಯಂತ್ರ ಎಲ್ಲ ಗುಂಪುಗಳನ್ನೂ ತೋರಿಸುತ್ತದೆ. ಕಡತ ತೆರೆಯಹೋದರೆ ಮಾತ್ರ ಅನುಮತಿ ಇಲ್ಲ. ಮಿತಿಗಿಂತಲೂ ಕಾರಣ ಹೇಳದ ಈ ಮೌನವೇ ದೊಡ್ಡ ದೋಷ. ಯೋಜನೆಗೊಂದು ಗುಂಪು ಕಟ್ಟುವ ವಿಶ್ವವಿದ್ಯಾಲಯ, ಸಂಶೋಧನಾಲಯಗಳಿಗೆ ಇದರ ಬಿಸಿ ಬೇಗ ತಟ್ಟುತ್ತದೆ.

ಈ ತೊಡಕಿನಿಂದ ಪಾರಾಗಲು ಎರಡು ದಾರಿಗಳಿವೆ. ಲಿನಕ್ಸ್ ಸರ್ವರಿನ ಮೌಂಟ್‌ಡಿ ಸೇವೆಗೆ ‘ಮ್ಯಾನೇಜ್-ಜಿಐಡಿಸ್’ ಆಯ್ಕೆ ಕೊಟ್ಟರೆ, ಬಂದ ಪಟ್ಟಿಯನ್ನು ಬದಿಗಿಟ್ಟು ಸರ್ವರ್ ತಾನೇ ಗುಂಪುಗಳನ್ನು ಹುಡುಕಿಕೊಳ್ಳುತ್ತದೆ. ಇದಕ್ಕೆ ಬಳಕೆದಾರರ ಪೂರ್ಣ ವಿವರ ಸರ್ವರಿಗೂ ತಿಳಿದಿರಬೇಕು. ಗುರುತು ದೃಢೀಕರಿಸುವ ಕೆರ್ಬರೋಸ್ ವ್ಯವಸ್ಥೆಯನ್ನು ಬಳಸಿದಲ್ಲಿ 16ರ ಈ ಪಟ್ಟಿಯೇ ಇರುವುದಿಲ್ಲ. ಭದ್ರತೆಯೂ ಬೇಕಿದ್ದವರಿಗೆ ಈ ಎರಡನೆಯ ದಾರಿಯೇ ಮೇಲು.